ದಂತಕಥೆ ಹತ್ತಿ ಡ್ಯೂಟಿಗೆ ಹೋಗಬೇಡಿ

ರಾಜಾಜಿನಗರದ ಯಾವ ಟೀ ಅಂಗಡಿ ಮುಂದೆ ಬೇಕಾದರೂ ನಿಂತು ಕೇಳಿ ನೋಡಿ: “ದಿನಾ ಎಪ್ಪತ್ತು ಎಂಬತ್ತು ಕಿಲೋಮೀಟರ್ ಓಡಿಸಬೇಕು, ಹೊಸದಕ್ಕೆ ದುಡ್ಡಿಲ್ಲ, ಯಾವ ಹಳೇ ಗಾಡಿ ತಗೊಳ್ಳಲಿ?” ಆರ್‌ಎಕ್ಸ್ 100, ಯೆಜ್ಡಿ, ಇಲ್ಲವೇ ಹಳೇ ಬುಲೆಟ್. ಉತ್ತರ ಈ ಮೂರನ್ನು ದಾಟುವುದಿಲ್ಲ. ಹೇಳುವವನು ಇಪ್ಪತ್ತೆರಡರ ಹುಡುಗನಾಗಿರಲಿ, ಅರವತ್ತು ದಾಟಿದ ಯಜಮಾನರಾಗಿರಲಿ, ಬೆನ್ನಿಗೇ ಬರುವ ಸಮರ್ಥನೆಯೂ ಒಂದೇ: “ಅವೆಲ್ಲಾ ಕಬ್ಬಿಣ ಸಾರ್. ಈಗಿನವು ಬರೀ ಪ್ಲಾಸ್ಟಿಕ್ಕು.”

ಟೀ ಮುಗಿಯುವವರೆಗಿನ ಹರಟೆಯಾಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಇದನ್ನು ನಂಬಿ ದುಡ್ಡು ಕೊಡುವವರಿದ್ದಾರೆ. ಕೆಂಗೇರಿ ಉಪನಗರದಲ್ಲಿ ಮನೆ, ರಾಮನಗರದಲ್ಲಿ ಕೆಲಸ ಇರುವ ಹುಡುಗ ಚೀಟಿ ಎತ್ತಿ, ಲಕ್ಷದ ಮೇಲೆ ಸುರಿದು ಮೂವತ್ತು ವರ್ಷ ಹಳೆಯ ಟೂ ಸ್ಟ್ರೋಕ್ ಗಾಡಿ ತರುತ್ತಾನೆ. ಮೂರನೇ ತಿಂಗಳಿಗೆ ಗಾಡಿ ಗ್ಯಾರೇಜಿನಲ್ಲಿ, ಹುಡುಗ ಬಸ್ಸಿನಲ್ಲಿ. ಸಲಹೆ ಕೊಟ್ಟವರನ್ನು ಕೇಳಿದರೆ “ನೀನು ಸರಿಯಾಗಿ ಮೇಂಟೇನ್ ಮಾಡಿಲ್ಲ” ಅನ್ನುತ್ತಾರೆ. ಗಾಡಿಯ ತಪ್ಪು ಅಂತ ಒಪ್ಪಿಕೊಳ್ಳುವ ಪದ್ಧತಿ ಈ ಪಂಥದಲ್ಲಿ ಇಲ್ಲ.

ಮೊದಲು ಕಬ್ಬಿಣದ ಮಾತು ಮುಗಿಸಿಬಿಡೋಣ. ಆರ್‌ಎಕ್ಸ್ 100ರ ತೂಕ ನೂರು ಕಿಲೋ ಚಿಲ್ಲರೆ. ಪ್ಲಾಸ್ಟಿಕ್ಕು ಅಂತ ಬೈಸಿಕೊಳ್ಳುವ ಸ್ಪ್ಲೆಂಡರ್ ಅದಕ್ಕಿಂತ ಭಾರ. 98 ಸಿಸಿಯ ಎಂಜಿನ್ನು 11 ಅಶ್ವಶಕ್ತಿ ಕೊಟ್ಟು ಅಷ್ಟು ಹಗುರದ ಗಾಡಿಯನ್ನು ಎಳೆಯುತ್ತಿದ್ದದ್ದರಿಂದಲೇ ಆ ಪಿಕಪ್ಪು ಬಂದದ್ದು. ಅದರ ಮಹಿಮೆ ಇದ್ದದ್ದು ಕಬ್ಬಿಣ ಇಲ್ಲದೇ ಇದ್ದುದರಲ್ಲಿ. ಇಷ್ಟನ್ನೂ ತೂಗಿ ನೋಡದವರ ಬಾಯಲ್ಲಿ ಉಳಿದ ವಾದಗಳು ಹೇಗಿರಬಹುದು ಅಂತ ಊಹಿಸಬಹುದು.

ದಿನಕ್ಕೆ 80 ಕಿಲೋಮೀಟರ್, ವರ್ಷಕ್ಕೆ 300 ದಿನ ಅಂತಿಟ್ಟುಕೊಳ್ಳಿ. 24,000 ಕಿಲೋಮೀಟರ್ ಆಯಿತು. ವಿಜಯನಗರದಿಂದ ನೈಸ್ ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರು, ಬಸವೇಶ್ವರನಗರದಿಂದ ಬಿಡದಿಯ ಕಾರ್ಖಾನೆಗಳಿಗೆ ಹೋಗುವವರು, ಕೆಂಗೇರಿಯಿಂದ ವೈಟ್‌ಫೀಲ್ಡ್ ಕಡೆಗೆ ಊರನ್ನೇ ಸೀಳಿಕೊಂಡು ಹೋಗುವ ಪಾಪದವರು, ಎಲ್ಲರೂ ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ ಬದುಕುತ್ತಿದ್ದಾರೆ. ಹಳೇ ಗಾಡಿಯ ಗುಣಗಾನ ಮಾಡುವವರ ಗಾಡಿ ಓಡುವುದು ಭಾನುವಾರ ಬೆಳಿಗ್ಗೆ. ನೈಸ್ ಜಂಕ್ಷನ್‌ವರೆಗೆ, ಹೆಚ್ಚೆಂದರೆ ಬಿಡದಿಯ ತಟ್ಟೆ ಇಡ್ಲಿಯವರೆಗೆ. ಅಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಆ ಅನುಭವವನ್ನು ಸೋಮವಾರದಿಂದ ಶನಿವಾರಕ್ಕೆ ಎಳೆದು ಅಂಟಿಸುವುದೇ ಮೋಸ.

ಆ ಗಾಡಿಗಳ ಚರಿತ್ರೆಯನ್ನೂ ನಾವು ತಲೆಕೆಳಗು ಓದುತ್ತಿದ್ದೇವೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಿತ್ತು, ಎಪ್ಪತ್ತರ ದಶಕದಲ್ಲಿ ಅದೇ ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. ಆಗ ಮೈಸೂರು, ಬೆಂಗಳೂರು, ಹಾಸನ, ಶಿವಮೊಗ್ಗದ ಜನ ಅದನ್ನು ಕೊಂಡದ್ದು ದಂತಕಥೆ ಅಂತಲ್ಲ. ಕಾರ್ಖಾನೆ ಪಕ್ಕದಲ್ಲೇ ಇತ್ತು, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತಿತ್ತು, ಬಿಚ್ಚಿ ಜೋಡಿಸಬಲ್ಲ ಕೈಗಳು ಎಲ್ಲ ಬೀದಿಯಲ್ಲೂ ಇದ್ದವು. ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರಿಗೂ ಹಾಲಿನ ಡೈರಿಯವರಿಗೂ ಅದು ದಿನದ ದುಡಿಮೆಯ ಗಾಡಿ. 1985ರಲ್ಲಿ ಎಸ್ಕಾರ್ಟ್ಸ್ ಜತೆ ಸೇರಿ ಯಮಹಾ ಆರ್‌ಎಕ್ಸ್ 100 ತಂದಾಗಲೂ ಅದು ಆ ಕಾಲದ ಹೊಚ್ಚಹೊಸ ತಂತ್ರಜ್ಞಾನ. ಪಾಯಿಂಟ್ ಸೆಟ್ ಮಾಡುವ ರಗಳೆಯಿಲ್ಲದ ಸಿಡಿಐ, ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲದ ಆಟೋಲೂಬ್ ಪಂಪು. ಅಂದರೆ ನಮ್ಮ ಹಿರಿಯರು ತಮ್ಮ ಕಾಲದಲ್ಲಿ ಸುಲಭವಾಗಿ ಸಿಗುವ, ಸುಲಭವಾಗಿ ರಿಪೇರಿಯಾಗುವ ಗಾಡಿಯನ್ನೇ ಆರಿಸಿದರು. ಅದೇ ಬುದ್ಧಿಯಿಂದ ಇವತ್ತು ಆರಿಸಿದರೆ ಕೈಗೆ ಬರುವುದು ಯೂನಿಕಾರ್ನ್, ಪಲ್ಸರ್, ಅಪಾಚಿ, ಎಫ್‌ಜೆಡ್, ಸ್ಪ್ಲೆಂಡರ್. 1980ರ ಯೆಜ್ಡಿ ಸವಾರನ ನಿಜವಾದ ವಾರಸುದಾರ ಸೆಕೆಂಡ್ ಹ್ಯಾಂಡ್ ಯೂನಿಕಾರ್ನ್ ತಗೊಳ್ಳುವವನು. ಅವನ ಫೋಟೋ ಯಾರೂ ತೆಗೆಯುವುದಿಲ್ಲ, ಅಷ್ಟೆ.

ಯಾದವಗಿರಿಯ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹೊಗೆ ನಿಯಮ ಬಿಗಿಯಾಗಿ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಈಗ ಶೋರೂಮಿನಲ್ಲಿ ಕಾಣುವ ಜಾವಾ, ಯೆಜ್ಡಿಗಳಿಗೆ ಹೆಸರು ಮಾತ್ರ ಹಳೆಯದು. ಅವುಗಳ ಬಿಡಿಭಾಗ ಹಳೆಯದಕ್ಕೆ ಕೂರುವುದಿಲ್ಲ. ಹಾಗಾಗಿ ಅತ್ಯಂತ ‘ಕಿರಿಯ’ ಮೈಸೂರು ಯೆಜ್ಡಿಗೂ ಮೂವತ್ತರ ಆಸುಪಾಸು. ಬಿಡಿಭಾಗ ಸಿಗುವುದಿಲ್ಲವೇ ಅಂದರೆ ಸಿಗುತ್ತದೆ. ಜೆ.ಸಿ. ರಸ್ತೆ ಸುತ್ತಿದರೆ ಏನಾದರೂ ಸಿಗುತ್ತದೆ. ಯಾವ ಗುಣಮಟ್ಟದ್ದು ಅನ್ನುವುದೇ ಪ್ರಶ್ನೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನು, ರಿಂಗು ಸವೆಯುವುದು ಸಹಜ. ಸವೆದಾಗ ಬ್ಲಾಕನ್ನು ಕಾಲು ಮಿಲಿಮೀಟರ್ ಕೊರೆಸಿ ಅಷ್ಟೇ ದಪ್ಪದ ಪಿಸ್ಟನ್ ಹಾಕುತ್ತಾರೆ. ಮುಂದಿನ ಸಲ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಒಂದು. ಅಲ್ಲಿಗೆ ಬ್ಲಾಕಿನ ಆಯಸ್ಸು ಮುಗಿಯಿತು, ಇನ್ನು ಸ್ಲೀವ್ ಹೊಡೆಸಬೇಕು. ಕಾಮಾಕ್ಷಿಪಾಳ್ಯದ ಲೇತ್ ಶಾಪುಗಳಲ್ಲಿ ಈ ಕೆಲಸ ಅಚ್ಚುಕಟ್ಟಾಗಿ ಮಾಡುವವರು ಇದ್ದಾರೆ, ಅವರ ಕೈಗೆ ನಮಸ್ಕಾರ. ಆದರೆ ಮೂವತ್ತು ವರ್ಷ ಕೈಯಿಂದ ಕೈಗೆ ದಾಟಿದ ಗಾಡಿಯ ಬ್ಲಾಕು ಈ ನಾಲ್ಕು ಮೆಟ್ಟಿಲಲ್ಲಿ ಎಷ್ಟನೆಯದರಲ್ಲಿ ನಿಂತಿದೆ ಅಂತ ಮಾರುವವನು ಹೇಳುವುದಿಲ್ಲ. ಅವನು ಹೇಳುವುದು “ಜಪಾನ್ ಎಂಜಿನ್ ಸಾರ್” ಅಂತ. ಮೊದಮೊದಲ ಕೆಲವು ಗಾಡಿಗಳು ಜಪಾನಿನಿಂದ ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಯಾದದ್ದು ನಿಜ. ಆದರೆ ಪಶ್ಚಿಮ ಬೆಂಗಳೂರೊಂದರಲ್ಲೇ ‘ಜಪಾನ್ ಎಂಜಿನ್’ ಅಂತ ಹೇಳಿಕೊಳ್ಳುವ ಗಾಡಿಗಳೆಲ್ಲ ನಿಜವಾಗಿದ್ದರೆ ಜಪಾನಿನಲ್ಲಿ ಬೇರೆ ಯಾರಿಗೂ ಗಾಡಿ ಉಳಿದಿರುತ್ತಿರಲಿಲ್ಲ.

ಮುಂದಿನದು ಪೆಟ್ರೋಲು. ಆರ್‌ಎಕ್ಸ್ ಲೀಟರಿಗೆ ಮೂವತ್ತೈದು ಕೊಟ್ಟರೆ ವರ್ಷದ 24,000 ಕಿಲೋಮೀಟರಿಗೆ ಸುಮಾರು 685 ಲೀಟರ್ ಬೇಕು. ಐವತ್ತು ಕೊಡುವ 150 ಸಿಸಿ ಫೋರ್ ಸ್ಟ್ರೋಕಿಗೆ 480 ಸಾಕು. ಲೀಟರಿಗೆ ನೂರರ ಮೇಲಿರುವ ಕಾಲದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಚಿಲ್ಲರೆ ಬರೀ ಸೈಲೆನ್ಸರಿನಲ್ಲಿ ಹೋಯಿತು. ಟೂಟಿ ಆಯಿಲ್ ಖರ್ಚು ಬೇರೆ. ಇದು ಉತ್ಪ್ರೇಕ್ಷೆಯೂ ಅಲ್ಲ: ಹೊಸ ಗಾಳಿ ಪೆಟ್ರೋಲು ಒಳಗೆ ನುಗ್ಗುವಾಗ ಹೊರಹೋಗುವ ದಾರಿಯೂ ತೆರೆದೇ ಇರುವುದರಿಂದ ಟೂ ಸ್ಟ್ರೋಕಿನಲ್ಲಿ ಒಂದಷ್ಟು ಪೆಟ್ರೋಲು ಸುಡದೆಯೇ ಆಚೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ಹಿಂದೆ ನಿಂತವರ ಮೂಗಿಗೆ ಬರುವ ಆ ‘ಪರಿಮಳ’ ಅದೇ.

ಗಾಡಿ ಕಳೆದರೆ ಏನು ಗತಿ ಅನ್ನುವುದನ್ನೂ ಯಾರೂ ಹೇಳುವುದಿಲ್ಲ. ಕಳ್ಳರಿಗೂ ಆರ್‌ಎಕ್ಸ್ ಅಂದರೆ ಪ್ರೀತಿ. ಹ್ಯಾಂಡಲ್ ಲಾಕು ಒಂದು ಒದೆಗೆ ಮುಗಿಯುತ್ತದೆ, ಬಿಡಿಭಾಗವಾಗಿ ಮಾರಿದರೂ ದುಡ್ಡು. ಲಕ್ಷ ಕೊಟ್ಟು ತಂದ ಮೂವತ್ತು ವರ್ಷದ ಗಾಡಿಗೆ ವಿಮೆ ಕಂಪನಿಯ ಪುಸ್ತಕದಲ್ಲಿ ಹೇಳಿಕೊಳ್ಳುವಂಥ ಬೆಲೆ ಇಲ್ಲ. ಸಾಮಾನ್ಯವಾಗಿ ಸಿಗುವುದು ಥರ್ಡ್ ಪಾರ್ಟಿ ಮಾತ್ರ. ಮೆಟ್ರೋ ನಿಲ್ದಾಣದ ಕೆಳಗೋ ಕಾರ್ಖಾನೆಯ ಗೇಟಿನ ಹೊರಗೋ ಒಂಬತ್ತು ಗಂಟೆ ನಿಲ್ಲಿಸಬೇಕಾದ ಗಾಡಿ ಇದು. ಡ್ಯೂಟಿಯಲ್ಲಿ ಮನಸ್ಸು ಹೇಗೆ ನಿಲ್ಲಬೇಕು?

ಇದಕ್ಕೆಲ್ಲ ಎದುರು ವಾದ ಒಂದಿದೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಹಳೇ ಗಾಡಿ ಸರಳ, ದಾರಿಯಲ್ಲಿ ನಿಂತರೆ ಸ್ಪಾನರು, ಸ್ಕ್ರೂಡ್ರೈವರ್ ಹಿಡಿದು ಓಡಿಸಿಕೊಂಡು ಬರಬಹುದು. ಈಗಿನ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಗಾಡಿ ನಿಂತರೆ ಟೆಂಪೋ ಹತ್ತಿಸಬೇಕು ಅನ್ನುತ್ತಾರೆ. ಬ್ಯಾಟರಿ ಪೂರ್ತಿ ಸತ್ತರೆ ಎಫ್‌ಐ ಗಾಡಿ ಮುಂದಕ್ಕೆ ಹೋಗುವುದಿಲ್ಲ ಅನ್ನುವುದು ಸರಿ. ಆದರೆ ಬ್ಯಾಟರಿ ಸಾಯುವ ಮೊದಲು ವಾರಗಟ್ಟಲೆ ಸೂಚನೆ ಕೊಡುತ್ತದೆ. ಯೆಜ್ಡಿಯ ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ಸರಿದರೆ ಸೂಚನೆ ಬರುವುದು ಹೊಸಕೆರೆಹಳ್ಳಿಯ ಏರಿನಲ್ಲಿ, ಗಾಡಿ ನಿಂತ ಮೇಲೆ. ಅದನ್ನು ಕಿವಿಯಲ್ಲೇ ಕೇಳಿ ಸರಿಮಾಡುತ್ತಿದ್ದ ಮೆಕ್ಯಾನಿಕ್‌ಗಳು ಈಗ ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ಇವತ್ತು ಮಾಗಡಿ ರಸ್ತೆಯ ಗ್ಯಾರೇಜುಗಳಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡಿರುವ ಹುಡುಗರು ಕಲಿತದ್ದು ಪಲ್ಸರ್, ಆಕ್ಟಿವಾ ಮೇಲೆ. ಗಾಡಿ ಸರಳವಾಗಿದ್ದರೆ ಸಾಲದು, ಅದನ್ನು ಬಲ್ಲವನು ರಾತ್ರಿ ಎಂಟು ಗಂಟೆಗೆ ಕುಂಬಳಗೋಡಿನಲ್ಲಿ ಸಿಗಬೇಕು. ಇನ್ನು ಎಫ್‌ಐ ಅಂದರೆ ಭಯ ಅನ್ನುವವರಿಗೆ ದಾರಿ ಇದೆ: 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬರುವ ತನಕ 150 ಸಿಸಿ ಗಾಡಿಗಳಲ್ಲಿ ಬಹಳಷ್ಟಕ್ಕೆ ಕಾರ್ಬ್ಯುರೇಟರೇ ಇತ್ತು.

ಯೆಜ್ಡಿಯ ಇನ್ನೊಂದು ಗುಣ ಹೇಳಲೇಬೇಕು. ಅದರ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜತೆ ಬೆರೆತು. ಇಳಿಜಾರಿನಲ್ಲಿ ವೇಗವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲಿನ ಜತೆ ಆಯಿಲೂ ನಿಂತಿತು. ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಹಳೆಯ ಸವಾರರು ಕ್ಲಚ್ ಹಿಡಿದೋ, ಆಗಾಗ ಒಂದು ಸಲ ಆಕ್ಸಿಲರೇಟರ್ ತಿರುವಿಯೋ ಇಳಿಯುತ್ತಿದ್ದರು. ಅದು ಅವರಿಗೆ ಅಭ್ಯಾಸ. ಇವತ್ತು ಗೊತ್ತಿಲ್ಲದೆ ಹತ್ತಿದವನಿಗೆ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಾಗಲೇ ಪಾಠ.

ಈಗ ರಸ್ತೆಗೆ ಬರೋಣ. ‘ಲಾಂಗ್’ ಹೋಗುವುದಕ್ಕೆ ಪಿಕಪ್ ಬೇಕು, ಟಾಪ್ ಸ್ಪೀಡ್ ಬೇಕು, ಭಾರ ಬೇಕು ಅಂತ ವಾದಿಸುವವರು ಕೆಂಗೇರಿಯಿಂದ ಆಚೆ ಯಾವ ರಸ್ತೆ ನೋಡಿದ್ದಾರೋ ಗೊತ್ತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರುವಂತಿಲ್ಲ. ನಿಮ್ಮ ಗಾಡಿ ನೂರು ಹೋಗಲಿ, ನೂರ ಇಪ್ಪತ್ತು ಹೋಗಲಿ, ನಿಮಗಿರುವುದು ಸರ್ವಿಸ್ ರಸ್ತೆ. ಅಲ್ಲಿ ಏನಿದೆ? ಹಂಪು. ಎದುರುಗಡೆಯಿಂದ ರಾಂಗ್ ಸೈಡಿನಲ್ಲಿ ಬರುವ ಹುಲ್ಲಿನ ಟೆಂಪೋ. ಥಟ್ಟನೆ ನಿಲ್ಲುವ ಬಸ್ಸು, ಇಳಿದವರು ನೇರ ರಸ್ತೆಗೇ. ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು. ಕೆಲವೆಡೆ ಸರ್ವಿಸ್ ರಸ್ತೆಯೇ ತುಂಡಾಗಿ ಊರೊಳಗೆ ಬಳಸಿ ಬರಬೇಕು. ಈ ರಸ್ತೆಯಲ್ಲಿ ಗಂಟೆಗೆ ಐವತ್ತರ ಸರಾಸರಿ ಕಾಯ್ದುಕೊಂಡರೆ ಅದೇ ಪುಣ್ಯ. ನೈಸ್ ರಸ್ತೆಯಲ್ಲೂ 2022ರಿಂದ ರಾತ್ರಿ ಹತ್ತರ ಮೇಲೆ ಬೆಳಗಿನ ಐದರವರೆಗೆ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ಸೆಕೆಂಡ್ ಶಿಫ್ಟ್ ಮುಗಿಸಿದವನು ಒಳದಾರಿಗಳಲ್ಲೇ ಬರಬೇಕು. ಇಲ್ಲಿ ಕೆಲಸಕ್ಕೆ ಬರುವುದು ಬ್ರೇಕು, ಸಸ್ಪೆನ್ಷನ್ನು, ಹೆಡ್‌ಲೈಟು, ಟ್ಯೂಬ್‌ಲೆಸ್ ಟೈರು. ದಂತಕಥೆಗಳಲ್ಲಿ ಇವು ನಾಲ್ಕೂ ಇಲ್ಲ.

ಆರ್‌ಎಕ್ಸ್ 100ಕ್ಕೆ ಎರಡೂ ಕಡೆ ಡ್ರಮ್ ಬ್ರೇಕು. ಮ್ಯಾಗ್ನೆಟೋದಿಂದ ನೇರ ಕರೆಂಟು ತಗೊಳ್ಳುವ ಹಳೇ ಗಾಡಿಗಳ ಹೆಡ್‌ಲೈಟು, ನೀವು ಹಂಪಿಗೆ ನಿಧಾನಿಸಿದ ಕ್ಷಣಕ್ಕೇ ಮಂಕಾಗುತ್ತದೆ. ಗುಂಡಿ ನೋಡಬೇಕಾದಾಗಲೇ ಬೆಳಕಿಲ್ಲ. ಟ್ಯೂಬ್ ಟೈರಿಗೆ ಮೊಳೆ ಚುಚ್ಚಿದರೆ ಅರೆಕ್ಷಣದಲ್ಲಿ ಗಾಳಿ ಖಾಲಿ. ಟ್ಯೂಬ್‌ಲೆಸ್ ಆದರೆ ಪಂಚರ್ ಅಂಗಡಿಯವರೆಗಾದರೂ ತಲುಪಿಸುತ್ತದೆ.

ಬ್ರೇಕಿನ ವಿಷಯದಲ್ಲಿ ನಾನು ರಾಜಿಗೆ ಬರುವವನಲ್ಲ. ಗಂಟೆಗೆ 60 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಹದಿನೇಳು ಮೀಟರ್. ನಾಯಿ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕೈ ಲೀವರಿಗೆ ಹೋಗುವಷ್ಟರಲ್ಲೇ ಆ ಹದಿನೇಳು ಮುಗಿದಿರುತ್ತದೆ. ಉಳಿದದ್ದರಲ್ಲಿ ಚಕ್ರ ಲಾಕ್ ಆಗದೆ ನಿಂತರೆ ಬಚಾವು. 2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಹಳೇ ಗಾಡಿ ಅಂದರೆ 1989ರದ್ದೇ ಆಗಬೇಕು ಅಂತ ಯಾವ ಶಾಸ್ತ್ರದಲ್ಲಿದೆ? 2019ರದ್ದೂ ಹಳೆಯದೇ, ಅರ್ಧ ಬೆಲೆಗೆ ಸಿಗುವಷ್ಟು ಹಳೆಯದು, ಮುಂದಿನ ಚಕ್ರಕ್ಕೆ ಎಬಿಎಸ್ ಇರುವಷ್ಟು ಹೊಸದು. ಅಷ್ಟು ದುಡ್ಡೂ ಇಲ್ಲದಿದ್ದರೆ ಮುಂದೆ ಡಿಸ್ಕ್ ಇರುವ ಯಾವುದಾದರೂ 150. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಬುಲೆಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ಭಕ್ತರಿಗೆ ಬೇಜಾರಾಗುತ್ತದೆ. ಹಳೇ ಕ್ಯಾಸ್ಟ್ ಐರನ್ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು ಎರಡನ್ನೂ ಓಡಿಸುವವನ ಕಾಲು, ಗಾಬರಿಯಾದಾಗ ಯಾವುದನ್ನು ತುಳಿಯುತ್ತದೆ ಅಂತ ದೇವರೇ ಬಲ್ಲ. ಭಾರ ಇದ್ದರೆ ರೋಡ್ ಗ್ರಿಪ್ ಅನ್ನುವವರು ಗೊರಗುಂಟೆಪಾಳ್ಯದ ಜಾಮಿನಲ್ಲಿ ಮುಕ್ಕಾಲು ಗಂಟೆ ನೂರ ಅರವತ್ತು ಕಿಲೋದ ಗಾಡಿಯನ್ನು ಕಾಲಲ್ಲಿ ತಳ್ಳಿಕೊಂಡು ಬಂದು ಆಮೇಲೆ ಹೇಳಲಿ. 2008–09ರ ನಂತರದ ಯುಸಿಇ ಎಂಜಿನ್ನಿನ ಎನ್‌ಫೀಲ್ಡುಗಳ ಮಾತು ಬೇರೆ. ಅವನ್ನು ದಿನಾ ಓಡಿಸುವವರಿದ್ದಾರೆ, ತಕರಾರಿಲ್ಲ.

ಪೆಟ್ರೋಲ್ ಬಂಕಿನಲ್ಲೂ ಕಾಲ ಬದಲಾಗಿದೆ. ಶೇಕಡ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲು ಬಿಡುಗಡೆಯಾದದ್ದು ನಮ್ಮೂರಲ್ಲೇ, 2023ರ ಫೆಬ್ರುವರಿ 6ರಂದು, ತುಮಕೂರು ರಸ್ತೆಯ ಮಾದಾವರದ ಬಳಿಯ ಪ್ರದರ್ಶನ ಕೇಂದ್ರದಲ್ಲಿ. ಎಥೆನಾಲು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಷರು, ಕಾರ್ಬ್ಯುರೇಟರಿನ ಸೂಜಿ, ಸೀಲು ಎಲ್ಲ ಒಂದೊಂದಾಗಿ ಕೈಕೊಡುತ್ತವೆ. ಹತ್ತು ವರ್ಷದ ಫೋರ್ ಸ್ಟ್ರೋಕಿಗೂ ಈ ಕಾಟ ತಪ್ಪಿದ್ದಲ್ಲ. ಆದರೆ ಅದರ ಪೈಪು, ಸೀಲು ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ, ಬದಲಿಸಿ ಮರೆಯಬಹುದು.

ಹಳೇ ಗಾಡಿಯೆಂದರೆ ಪಲ್ಸರೂ ಹಳೆಯದಾಗುತ್ತದಲ್ಲ, ನಾಳೆ ಅದೂ ದಂತಕಥೆಯೇ ಅಲ್ಲವೇ ಅಂತ ಕೇಳಬಹುದು. ಆಗಲೇ ಆಗುತ್ತಿದೆ. 2003ರ ಕರಿಜ್ಮಾ ನೋಡಿ. ಒಂದು ಕಾಲದಲ್ಲಿ ದೂರದ ಓಟಕ್ಕೆ ಅದಕ್ಕಿಂತ ಒಳ್ಳೆಯದು ಆ ಬೆಲೆಗೆ ಇರಲಿಲ್ಲ. ಈಗ ಅದರ ಪ್ಯಾನೆಲ್ಲಿಗೆ, ಮೀಟರಿಗೆ ಹುಡುಕಾಟ ಶುರುವಾಗಿದೆ, ಬೆಲೆ ಏರುತ್ತಿದೆ, ಹಿಂದೆಯೇ ಭಜನೆಯೂ. ಯಾವ ಹಳೇ ಗಾಡಿಯ ಬೆಲೆ ವರ್ಷವರ್ಷಕ್ಕೆ ಏರುತ್ತಿದೆಯೋ ಅದು ದಿನದ ಓಟಕ್ಕೆ ಲಾಯಕ್ಕಲ್ಲ ಅಂತ ಕಣ್ಣು ಮುಚ್ಚಿ ತಳ್ಳಿಬಿಡಿ.

ಕಾಗದದ ಕತೆ ಚಿಕ್ಕದು. ಹದಿನೈದು ವರ್ಷ ದಾಟಿದ ಗಾಡಿಗೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿಗೆ ಏರಿತು. ಗ್ರೀನ್ ಟ್ಯಾಕ್ಸ್ ಬೇರೆ. ದಂತಕಥೆಗಳಲ್ಲಿ ಎಷ್ಟೋ ಗಾಡಿಗಳ ಆರ್‌ಸಿ ಎಂದೋ ಸತ್ತಿದೆ, ಮೂಲ ಮಾಲೀಕರು ಎಲ್ಲಿದ್ದಾರೋ ಗೊತ್ತಿಲ್ಲ. “ಬ್ರೋಕರ್ ಮಾಡಿಸಿಕೊಡ್ತಾನೆ ಬಿಡಿ ಸಾರ್” ಅನ್ನುವುದನ್ನು ನಂಬಿ ದುಡ್ಡು ಕೊಟ್ಟರೆ ಆಮೇಲೆ ರಾಜಾಜಿನಗರದ ಕೆಎ 02 ಕಚೇರಿ, ಕೆಂಗೇರಿ ಕಡೆಯ ಕೆಎ 41 ಕಚೇರಿ ನಡುವೆ ಓಡಾಟ ನಿಮ್ಮದೇ.

ಹಾಗಾದರೆ ಗಾಡಿ ನೋಡುವುದು ಹೇಗೆ? ಮೊದಲು ಎಂಜಿನ್ ಮೇಲೆ ಕೈಯಿಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಾದ ಮೇಲೆ ಬರುತ್ತೇನೆ ಅಂತ ಹೊರಡಿ. ತಣ್ಣಗಿದ್ದಾಗ ಹೇಗೆ ಹತ್ತಿಕೊಳ್ಳುತ್ತದೆ, ಟೈಮಿಂಗ್ ಚೈನು ಕಟಕಟ ಅನ್ನುತ್ತದೆಯಾ, ನೀಲಿ ಹೊಗೆ ಬರುತ್ತದೆಯಾ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲಾದರೂ ಕಚ್ಚಿದಂತೆ ನಿಂತರೆ ಕೋನ್ ಸೆಟ್ ಹೋಗಿದೆ. ಹಿಂದಿನ ಚಕ್ರವನ್ನು ಅಡ್ಡಡ್ಡ ಅಲುಗಾಡಿಸಿ. ಸ್ವಿಂಗ್ ಆರ್ಮ್ ಬುಷ್ ಸಡಿಲಿದ್ದರೆ ಕೈಗೇ ಗೊತ್ತಾಗುತ್ತದೆ. ಮುಂದಿನ ಫೋರ್ಕಿನ ಕೊಳವೆಗಳ ಮೇಲೆ ಆಯಿಲ್ ಜಿನುಗಿದೆಯಾ ಬೆರಳಲ್ಲಿ ಒರೆಸಿ. ಮೀಟರಿನ ಕಿಲೋಮೀಟರ್ ನಂಬಬೇಡಿ, ತಿರುಗಿಸುವುದು ಕಷ್ಟವಲ್ಲ. ಫುಟ್‌ರೆಸ್ಟಿನ ರಬ್ಬರು, ಬ್ರೇಕ್ ಪೆಡಲಿನ ತುದಿ ನೋಡಿ. ಇಪ್ಪತ್ತು ಸಾವಿರ ಓಡಿದೆ ಅನ್ನುವ ಗಾಡಿಯ ಪೆಡಲು ಸವೆದು ಬೆಳ್ಳಗೆ ಹೊಳೆಯುವುದಿಲ್ಲ. ಚಾಸಿ ನಂಬರನ್ನು ಆರ್‌ಸಿಯ ಪಕ್ಕ ಹಿಡಿದು ಅಂಕಿ ಅಂಕಿ ಓದಿ. ಸಾಲದ ಎಚ್‌ಪಿ ಕ್ಯಾನ್ಸಲ್ ಆಗಿದೆಯಾ, ಟ್ರಾಫಿಕ್ ದಂಡ ಬಾಕಿ ಇದೆಯಾ, ಫೋನಿನಲ್ಲೇ ಅಲ್ಲೇ ನಿಂತು ನೋಡಿ.

ಈ ಪರೀಕ್ಷೆ ಮಾಡುವ ಧೈರ್ಯ ಕೂಡ ಬರುವುದು ಸಾಮಾನ್ಯ ಗಾಡಿ ನೋಡಲು ಹೋದಾಗಲೇ. ಆರ್‌ಎಕ್ಸ್ ಮಾರುವವನ ಎದುರು ಎಲ್ಲರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಫೋರ್ಕ್ ಸೋರುತ್ತಿದ್ದರೂ, ಆರ್‌ಸಿಯಲ್ಲಿ ಹೆಸರು ಬೇರೆ ಇದ್ದರೂ, ಇದು ಬಿಟ್ಟರೆ ಇನ್ನೊಂದು ಸಿಗುವುದಿಲ್ಲ ಅನ್ನುವ ಭಯ. ಸಂಜೆ ಇನ್ನಿಬ್ಬರು ಬರ್ತಾರೆ ಅಂತ ಅವನು ಹೇಳಿದ ಕೂಡಲೇ ಅಡ್ವಾನ್ಸು ಜೇಬಿನಿಂದ ಹೊರಗೆ. ಯೂನಿಕಾರ್ನ್ ಮಾರುವವನಿಗೆ ಆ ಜೋರು ನಡೆಯುವುದಿಲ್ಲ. ಕೋನ್ ಸೆಟ್ ಕಚ್ಚುತ್ತಿದೆ, ಚೈನ್ ಸ್ಪ್ರಾಕೆಟ್ ಹೋಗಿದೆ, ಎರಡೂ ಟೈರ್ ಬೋಳಾಗಿದೆ, ಇಷ್ಟು ಕಮ್ಮಿ ಮಾಡಿ ಅಂತ ನೇರವಾಗಿ ಕೇಳಬಹುದು. ಒಪ್ಪದಿದ್ದರೆ ಹೆಲ್ಮೆಟ್ ಹಾಕಿಕೊಂಡು ಹೊರಟರಾಯಿತು; ಗೋವಿಂದರಾಜನಗರದಲ್ಲಿ ಇನ್ನೊಂದು ಇದೆ, ನಾಗರಭಾವಿಯಲ್ಲಿ ಮತ್ತೊಂದು.